ಆರೋಗ್ಯ ಯೋಜನೆ ಎಲ್ಲಿಂದ ತೊಡಗಬೇಕು?

ಆರೋಗ್ಯಕ್ಕೆ ಸಂಬಂಧಿಸಿದ ಯಾವ ಸಂಸ್ಥೆಯನ್ನಾದರೂ ತೆಗೆದುಕೊಳ್ಳಿ. ಅದು ದೊಡ್ಡ ಆಸ್ಪತ್ರೆಯಾಗಿರಲಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಾಗಿರಲಿ, ಮುಂದಿನ ಐದು ಹತ್ತು ವರ್ಷಗಳಿಗೆ ಸಲ್ಲುವ ಯೋಜನೆಯೊಂದು ಅಲ್ಲಿ ಅಚ್ಚಾಗಿ ಸಿದ್ಧವಾಗಿರುವುದು ಇಂದಿನ ರೂಢಿ. ಅದನ್ನು ತೆರೆದು ನೋಡಿದರೆ ಮೊದಲಿಗೆ ಧ್ಯೇಯವಾಕ್ಯವಿರುತ್ತದೆ. ಆಮೇಲೆ ಕಟ್ಟಿಸಬೇಕಾದ ಕಟ್ಟಡಗಳು, ಹೆಚ್ಚಿಸಬೇಕಾದ ಹಾಸಿಗೆಗಳು, ತರಿಸಬೇಕಾದ ಯಂತ್ರಗಳು, ತುಂಬಬೇಕಾದ ಹುದ್ದೆಗಳು. ಕೊನೆಗೆ, ಇಂಥ ಇಸವಿಯ ಹೊತ್ತಿಗೆ ಇಷ್ಟನ್ನು ಸಾಧಿಸುತ್ತೇವೆಂಬ ಸಂಕಲ್ಪ. ಇವುಗಳಲ್ಲಿ ಯಾವುದೂ ಬೇಡದ ವಸ್ತುವೆಂದು ನಾನು ಹೇಳುವುದಿಲ್ಲ. ಆದರೆ ಇಷ್ಟನ್ನೇ ಯೋಜನೆಯೆಂದು ಕರೆಯುವುದಾದರೆ, ಸಂತೆಗೆ ಹೊರಟವನ ಕೈಯಲ್ಲಿರುವ ಚೀಟಿಯನ್ನೂ ಯೋಜನೆಯೆಂದೇ ಕರೆಯಬೇಕಾದೀತು. ಚೀಟಿಯಲ್ಲಿ ಬೇಕಾದುದೆಲ್ಲ ಇರುತ್ತದೆ; ಕೈಯಲ್ಲಿರುವ ಹಣ ಎಷ್ಟು, ಅದು ಸಾಲದಿದ್ದರೆ ಯಾವುದನ್ನು ಬಿಡಬೇಕು, ಮನೆಯಲ್ಲಿ ಹಸಿದವರು ಯಾರು, ಎಂಬ ವಿಚಾರ ಮಾತ್ರ ಇರುವುದಿಲ್ಲ.

ಯೋಜನೆಯೆಂಬುದು ಬೇರೊಂದು ರೀತಿಯಲ್ಲಿಯೂ ಹುಟ್ಟಬಲ್ಲುದು ಎಂಬುದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಆರು ದಶಕಗಳಿಗೂ ಹಿಂದೆ ಬೆಂಗಳೂರಿನಲ್ಲಿ ಕುಳಿತು, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತಿರುಗಿ, ಕೆಲವರು ಭಾರತಕ್ಕೆಲ್ಲ ಅನ್ವಯಿಸುವ ಒಂದು ಆರೋಗ್ಯ ಯೋಜನೆಯನ್ನು ರಚಿಸಿದರು. ಅದು ಕ್ಷಯರೋಗವನ್ನು ಕುರಿತದ್ದು. ಅದರ ಹುಟ್ಟು ಎಷ್ಟು ಬೋಧಪ್ರದವೋ ಅದರ ಮುಂದಿನ ಗತಿಯೂ ಅಷ್ಟೇ ಬೋಧಪ್ರದವಾಗಿದೆ. ಕ್ಷಯ ನಮ್ಮಲ್ಲಿ ಇಂದಿಗೂ ತೀರದ ಸಮಸ್ಯೆಯಾಗಿರುವುದರಿಂದ ಈ ಕಥೆಯನ್ನು ಇತಿಹಾಸವೆಂದು ಬದಿಗಿಡುವಂತೆಯೂ ಇಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಸ್ಥಿತಿಯನ್ನು ಮೊದಲು ನೋಡೋಣ. ಸರ್ ಜೋಸೆಫ್ ಭೋರರ ಅಧ್ಯಕ್ಷತೆಯ ಸಮಿತಿಯು ೧೯೪೬ರಲ್ಲಿ ಸಲ್ಲಿಸಿದ ವರದಿಯ ಅಂದಾಜಿನಂತೆ ದೇಶದಲ್ಲಿ ಸುಮಾರು ೨೫ ಲಕ್ಷ ಕ್ಷಯರೋಗಿಗಳಿದ್ದರು. ವರ್ಷವೊಂದಕ್ಕೆ ೫ ಲಕ್ಷ ಮಂದಿ ಸಾಯುತ್ತಿದ್ದರು. ಇವರಿಗಾಗಿ ಇದ್ದ ಹಾಸಿಗೆಗಳು ಸುಮಾರು ೬,೦೦೦. ಅಂದಿನ ಚಿಕಿತ್ಸೆಯೆಂದರೆ ಊರಿನಿಂದ ದೂರದ ಆರೋಗ್ಯಧಾಮದಲ್ಲಿ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ. ಒಂದು ಹಾಸಿಗೆಯಿಂದ ವರ್ಷಕ್ಕೆ ಇಬ್ಬರು ಗುಣ ಹೊಂದಿ ಹೊರಡುವರೆಂದೇ ಇಟ್ಟುಕೊಳ್ಳೋಣ. ಆಗಲೂ ೬,೦೦೦ ಹಾಸಿಗೆಗಳಿಂದ ೨೫ ಲಕ್ಷ ಜನರನ್ನು ನೋಡಿ ಮುಗಿಸಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ; ಹೊಸದಾಗಿ ರೋಗ ತಗಲಿದವರ ಲೆಕ್ಕ ಇದರಲ್ಲಿ ಸೇರಿಲ್ಲ. ಹಾಸಿಗೆಗಳನ್ನು ಹತ್ತರಷ್ಟು ಮಾಡಿದರೂ ಸಮಸ್ಯೆಯ ಸ್ವರೂಪ ಬದಲಾಗದು. ಹಾಗಿದ್ದರೂ ಆ ಕಾಲದ ಯೋಜನೆಗಳೆಲ್ಲ ಹಾಸಿಗೆಯನ್ನೇ ಅಳತೆಗೋಲಾಗಿ ಹಿಡಿದಿದ್ದುವು. ಕಣ್ಣಿಗೆ ಕಾಣುವ, ಎಣಿಸಲು ಸುಲಭವಾದ, ಉದ್ಘಾಟನೆಗೆ ಒದಗುವ ವಸ್ತು ಅದೇ ಅಲ್ಲವೆ?

ಈ ಬಿಕ್ಕಟ್ಟನ್ನು ಬಿಡಿಸಿದುದು ಔಷಧಗಳು. ೧೯೪೩ರಲ್ಲಿ ಸ್ಟ್ರೆಪ್ಟೋಮೈಸಿನ್ ದೊರಕಿತು. ೧೯೫೨ರಲ್ಲಿ ಐಸೋನಯಾಜಿಡ್ ಎಂಬ ಅಗ್ಗದ ಗುಳಿಗೆಯ ಗುಣ ತಿಳಿದುಬಂದಿತು. ಆದರೆ ಔಷಧ ಸಿಕ್ಕಿತೆಂದ ಮಾತ್ರಕ್ಕೆ ಹಾಸಿಗೆ ಬೇಡವಾಗುತ್ತದೆಯೆ? ಕಿಕ್ಕಿರಿದ ಕೇರಿಯಲ್ಲಿ, ಅರೆಹೊಟ್ಟೆಯಲ್ಲಿ, ಒಂದೇ ಕೋಣೆಯಲ್ಲಿ ಹೆಂಡಿರು ಮಕ್ಕಳೊಡನೆ ಬಾಳುವ ರೋಗಿ ಮನೆಯಲ್ಲಿಯೇ ಗುಳಿಗೆ ನುಂಗಿ ಗುಣವಾದಾನೆ? ಮನೆಯವರಿಗೆ ರೋಗ ಅಂಟದೆ? ಈ ಪ್ರಶ್ನೆಗೆ ಉತ್ತರವನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಿದ ಕೀರ್ತಿ ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರಕ್ಕೆ ಸಲ್ಲುತ್ತದೆ. ಅಲ್ಲಿ ೧೯೩ ಮಂದಿ ರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿದರು. ಒಂದು ಗುಂಪು ಆರೋಗ್ಯಧಾಮಕ್ಕೆ ಹೋಯಿತು, ಮತ್ತೊಂದು ತನ್ನ ಮನೆಯಲ್ಲಿಯೇ ಉಳಿಯಿತು. ಔಷಧ ಮಾತ್ರ ಇಬ್ಬರಿಗೂ ಒಂದೇ. ವರ್ಷ ಕಳೆದ ಮೇಲೆ ನೋಡಿದರೆ, ಆರೋಗ್ಯಧಾಮದವರು ಹೆಚ್ಚು ವಿಶ್ರಾಂತಿಯನ್ನೂ ಉತ್ತಮವಾದ ಊಟವನ್ನೂ ಪಡೆದಿದ್ದರೂ ಗುಣ ಹೊಂದಿದವರ ಪ್ರಮಾಣ ಎರಡು ಗುಂಪುಗಳಲ್ಲಿಯೂ ಬಹುಮಟ್ಟಿಗೆ ಸಮನಾಗಿತ್ತು. ಈ ಫಲಿತಾಂಶ ೧೯೫೯ರಲ್ಲಿ ಪ್ರಕಟವಾಯಿತು. ಮುಂದೆ ಐದು ವರ್ಷಗಳ ಕಾಲ ಮನೆಮಂದಿಯನ್ನು ಗಮನಿಸುತ್ತ ಬಂದಾಗ, ರೋಗಿಯನ್ನು ಮನೆಯಲ್ಲಿರಿಸಿಕೊಂಡುದರಿಂದ ಅವರಿಗೆ ಹೆಚ್ಚಿನ ಅಪಾಯವೇನೂ ಒದಗಲಿಲ್ಲವೆಂದೂ ತಿಳಿಯಿತು. ಜಗತ್ತಿನ ಎಷ್ಟೋ ಆರೋಗ್ಯಧಾಮಗಳ ಬಾಗಿಲು ಮುಚ್ಚಲು ಇದೊಂದು ಕಾರಣವಾಯಿತು.

ಅದೇ ಸುಮಾರಿಗೆ, ೧೯೫೫ರಿಂದ ೧೯೫೮ರ ವರೆಗೆ, ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ದೇಶದ ಹಲವೆಡೆ ಕ್ಷಯರೋಗದ ಮೋಜಣಿ ನಡೆಸಿತು. ಕ್ಷಯವೆಂದರೆ ಗಿರಣಿಗಳಿರುವ ಪಟ್ಟಣಗಳ ಕಾಯಿಲೆಯೆಂದು ಎಲ್ಲರೂ ನಂಬಿದ್ದ ಕಾಲವದು. ಹಳ್ಳಿಗಳಲ್ಲಿಯೂ ರೋಗ ಹೆಚ್ಚುಕಡಮೆ ಅಷ್ಟೇ ಇದೆಯೆಂದು ಮೋಜಣಿ ತೋರಿಸಿಕೊಟ್ಟಿತು. ಜನರಲ್ಲಿ ಬಹುಪಾಲು ಹಳ್ಳಿಗಳಲ್ಲಿರುವಾಗ ರೋಗಿಗಳಲ್ಲಿ ಬಹುಪಾಲು ಅಲ್ಲಿಯೇ ಇರಬೇಕಾಯಿತಷ್ಟೆ.

ಹೀಗಿರಲು ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ವೈದ್ಯರು ಮಾತ್ರವಲ್ಲದೆ ಸಂಖ್ಯಾಶಾಸ್ತ್ರಜ್ಞರು, ಸೂಕ್ಷ್ಮಜೀವಿ ಶಾಸ್ತ್ರಜ್ಞರು, ಸಮಾಜಶಾಸ್ತ್ರದ ಅಭ್ಯಾಸಿಗಳು, ದಾದಿಯರು ಎಲ್ಲರೂ ಒಂದೇ ಸೂರಿನಡಿ ಕೂಡಿದುದು ಅದರ ವೈಶಿಷ್ಟ್ಯ. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ತಜ್ಞರೂ ಅವರೊಡನೆ ಇದ್ದರು. ದೇಶಕ್ಕೊಂದು ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿಕೊಡುವುದು ಅವರಿಗೆ ಒಪ್ಪಿಸಿದ ಕೆಲಸ. ಅವರ ಮುಂದೆ ಸಿದ್ಧವಾದ ದಾರಿಯೊಂದು ಇದ್ದೇ ಇತ್ತು. ಪಶ್ಚಿಮದ ದೇಶಗಳಲ್ಲಿ ಮಾಡುತ್ತಿದ್ದಂತೆ ಕ್ಷ-ಕಿರಣ ಯಂತ್ರವನ್ನು ಮೋಟಾರು ಗಾಡಿಯಲ್ಲಿ ಕೂಡಿಸಿ, ಊರೂರಿಗೆ ಒಯ್ದು, ಎಲ್ಲರ ಎದೆಯ ಚಿತ್ರ ತೆಗೆದು, ಅಡಗಿದ ರೋಗಿಗಳನ್ನು ಹೊರಗೆಳೆಯುವುದು ಆ ದಾರಿ. ‘ನಮ್ಮ ಹಳ್ಳಿಯ ಜನ ಅಜ್ಞಾನಿಗಳು, ಕಾಯಿಲೆಯನ್ನು ಬಚ್ಚಿಡುವವರು, ಮಂತ್ರ ತಾಯಿತಗಳನ್ನು ನಂಬುವವರು, ಆದುದರಿಂದ ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು’ ಎಂಬ ನಂಬಿಕೆ ಇದರ ಬೆನ್ನಿಗಿತ್ತು. ವಿದ್ಯಾವಂತರು ಹೀಗೆ ನಂಬುವುದು ಅಂದಿಗೂ ಸುಲಭ, ಇಂದಿಗೂ ಸುಲಭ.

ಸಂಸ್ಥೆಯ ಡಾ॥ ಡಿ. ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ನರೂ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ತುಮಕೂರು ಜಿಲ್ಲೆಯಲ್ಲಿ ಮೋಜಣಿಯ ಮೂಲಕ ಪತ್ತೆಯಾಗಿದ್ದ ರೋಗಿಗಳನ್ನು ಮನೆಯಲ್ಲಿಯೇ ಕಂಡು, ಅವರು ಕ್ಷಯವೆಂಬ ಹೆಸರನ್ನು ಬಲ್ಲರೇ ಎಂದು ಕೇಳುವ ಬದಲು, ಅವರಿಗೆ ಏನಾಗುತ್ತಿದೆ, ಅದಕ್ಕಾಗಿ ಏನು ಮಾಡಿದರು ಎಂದು ವಿಚಾರಿಸಲಾಯಿತು. ೧೯೬೩ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಕಫದಲ್ಲಿ ರೋಗಾಣುಗಳಿದ್ದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ತಮ್ಮ ಕೆಮ್ಮು, ಜ್ವರ, ಎದೆನೋವುಗಳನ್ನು ಚೆನ್ನಾಗಿ ಅರಿತಿದ್ದರು. ಬಹುಮಂದಿ ಅದಕ್ಕಾಗಿ ಚಿಂತಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಪರಿಹಾರಕ್ಕಾಗಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಹತ್ತಿ ಬಂದವರಿಗೆ ದೊರೆತುದೇನು? ಒಂದು ಸೀಸೆ ಕೆಮ್ಮಿನ ಔಷಧ. ಕಫವನ್ನು ಗಾಜಿನ ತುಂಡಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡುವಷ್ಟು ಸುಲಭವಾದ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಇದರ ಅರ್ಥವನ್ನು ವಾಚಕರು ಒಂದು ಕ್ಷಣ ನಿಂತು ಗ್ರಹಿಸಬೇಕು. ಎತ್ತು ಹೂಡುವುದನ್ನು ಬಿಟ್ಟು, ದಿನದ ಕೂಲಿಯನ್ನು ಕಳೆದುಕೊಂಡು, ಹತ್ತಾರು ಮೈಲಿ ನಡೆದು ಬಂದ ರೋಗಿಯ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ. ಅಜ್ಞಾನವೇನಾದರೂ ಇದ್ದಿದ್ದರೆ ಅದು ಮೇಜಿನ ಆಚೆ ಬದಿಯಲ್ಲಿತ್ತು. ಮೋಟಾರು ಗಾಡಿಗಳಿಗಾಗಿ ಕೋಟಿಗಟ್ಟಲೆ ಹಣ ಸುರಿಯುವುದಕ್ಕೆ ಮೊದಲು, ತಾನಾಗಿ ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸದಿರುವುದು ಸಂಸ್ಥೆಯ ಮೊದಲ ಕರ್ತವ್ಯವಾಯಿತು. ಇದೊಂದು ತಿಳಿವಳಿಕೆಯ ಮೇಲೆ ಇಡೀ ಯೋಜನೆ ನಿಂತಿತು.

೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಹಂದರ ಬಹು ಸರಳವಾಗಿತ್ತು. ಜಿಲ್ಲೆಗೊಂದು ಕ್ಷಯರೋಗ ಕೇಂದ್ರ; ಅದರ ಕೆಲಸ ತರಬೇತಿ, ಮೇಲ್ವಿಚಾರಣೆ, ಔಷಧ ಸರಬರಾಯಿ. ರೋಗವನ್ನು ಪತ್ತೆಮಾಡಿ ಚಿಕಿತ್ಸೆ ಕೊಡುವ ಹೊಣೆ ಎಲ್ಲ ಕಾಯಿಲೆಗಳನ್ನೂ ನೋಡುವ ಸಾಮಾನ್ಯ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳದು. ಬಹುದಿನದ ಕೆಮ್ಮೆಂದು ಬಂದವನ ಕಫವನ್ನು ಪರೀಕ್ಷಿಸಬೇಕು; ರೋಗವಿದ್ದರೆ ಮನೆಯಲ್ಲಿಯೇ ಚಿಕಿತ್ಸೆ, ತಿಂಗಳಿಗೊಮ್ಮೆ ಉಚಿತವಾಗಿ ಗುಳಿಗೆ. ಈ ಯೋಜನೆಯಲ್ಲಿ ನಾನು ಅತಿಯಾಗಿ ಮೆಚ್ಚುವ ಅಂಶ, ಅದು ಏನನ್ನು ಮಾಡುವುದಿಲ್ಲವೆಂದು ಸ್ಪಷ್ಟವಾಗಿ ನಿರ್ಧರಿಸಿತೆಂಬುದು. ಹೊಸ ಆರೋಗ್ಯಧಾಮಗಳನ್ನು ನೆಚ್ಚುವುದಿಲ್ಲ, ಊರೂರಿಗೆ ಕ್ಷ-ಕಿರಣದ ಗಾಡಿ ಕಳುಹಿಸುವುದಿಲ್ಲ, ಹಳ್ಳಿಗೆ ಎಟುಕದ ಪರೀಕ್ಷೆಗಳನ್ನು ವಿಧಿಸುವುದಿಲ್ಲ. ಯಾವುದನ್ನು ಬಿಡಬೇಕೆಂದು ಹೇಳುವ ಧೈರ್ಯವಿಲ್ಲದ ಸಂಸ್ಥೆ ಎಲ್ಲವನ್ನೂ ಅರ್ಧರ್ಧ ಮಾಡುತ್ತದೆ. ಕ್ಷಯದ ವಿಷಯದಲ್ಲಿ ಅರ್ಧ ಮಾಡುವುದೆಂದರೆ ಏನೆಂಬುದನ್ನು ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ತೋರಿಸಿತು.

೧೯೬೧ರಿಂದ ೧೯೬೮ರ ವರೆಗೆ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಚಿಕಿತ್ಸೆಯೆಂಬುದು ಆ ಹಳ್ಳಿಗಳನ್ನು ಇನ್ನೂ ಬಹುಮಟ್ಟಿಗೆ ಮುಟ್ಟಿರಲಿಲ್ಲ. ಕಫದಲ್ಲಿ ರೋಗಾಣುಗಳಿದ್ದವರು ಐದು ವರ್ಷಗಳ ತರುವಾಯ ಏನಾದರೆಂದು ಲೆಕ್ಕ ಹಾಕಿದಾಗ ಶೇಕಡ ೪೯ ಮಂದಿ ಸತ್ತಿದ್ದರು. ಶೇಕಡ ೩೨ರಷ್ಟು ಮಂದಿ ದೇಹದ ಸ್ವಂತ ಬಲದಿಂದ ಗುಣ ಹೊಂದಿದ್ದರು. ಉಳಿದ ಶೇಕಡ ೧೮ ಮಂದಿ ಕೆಮ್ಮುತ್ತ, ರೋಗಾಣುಗಳನ್ನು ಉಗುಳುತ್ತ ಬದುಕಿದ್ದರು. ಇದು ನಿಸರ್ಗದ ಲೆಕ್ಕ. ಈಗ ಔಷಧ ಕೊಡುತ್ತೇವೆ, ಆದರೆ ಅರೆಬರೆಯಾಗಿ ಕೊಡುತ್ತೇವೆಂದು ಭಾವಿಸಿ. ಸಾಯಬೇಕಾಗಿದ್ದ ಕೆಲವರು ಸಾಯುವುದಿಲ್ಲ. ಪೂರ್ತಿ ಗುಣವಾಗುವುದೂ ಇಲ್ಲ. ರೋಗಾಣುಗಳನ್ನು ಹರಡುತ್ತಿರುವ ಮೂರನೆಯ ಗುಂಪು ಬೆಳೆಯುತ್ತದೆ; ಕೆಲವರ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಒಬ್ಬೊಬ್ಬ ರೋಗಿಗೆ ಉಪಕಾರ ಮಾಡಿದೆವೆಂಬ ತೃಪ್ತಿಯಲ್ಲಿಯೇ ಊರಿಗೆ ಅಪಕಾರ ಮಾಡಿರುತ್ತೇವೆ. ಹತ್ತು ಸಾವಿರ ಮಂದಿಗೆ ಚಿಕಿತ್ಸೆ ಆರಂಭಿಸಿ ನಾಲ್ಕು ಸಾವಿರ ಮಂದಿಯಲ್ಲಿ ಮುಗಿಸುವುದಕ್ಕಿಂತ, ಐದು ಸಾವಿರ ಮಂದಿಗೆ ಆರಂಭಿಸಿ ಎಲ್ಲರಲ್ಲಿಯೂ ಮುಗಿಸುವುದು ಮೇಲು. ಇಂಥ ಲೆಕ್ಕಗಳನ್ನು ಗಣಿತದ ಮೂಲಕ ಮೊದಲೇ ಹಾಕಿ ನೋಡುವ ಪದ್ಧತಿಯನ್ನು ವಾಲರ್, ಗೆಸರ್, ಆಂಡರ್ಸನ್ ಎಂಬ ಮೂವರು ೧೯೬೨ರಲ್ಲಿಯೇ ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಯಾವ ಉಪಾಯ ಕೈಗೊಂಡರೆ ಹತ್ತಿಪ್ಪತ್ತು ವರ್ಷಗಳಲ್ಲಿ ರೋಗ ಎಷ್ಟು ಇಳಿದೀತೆಂದು ಕಾಗದದ ಮೇಲೆಯೇ ನೋಡಿಕೊಳ್ಳಬಹುದೆಂಬ ವಿಚಾರ ಆರೋಗ್ಯಶಾಸ್ತ್ರಕ್ಕೆ ಅಂದು ತೀರ ಹೊಸದು.

ಇಷ್ಟು ವಿವೇಕದಿಂದ ಹುಟ್ಟಿದ ಯೋಜನೆ ಏನಾಯಿತು? ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವರು ಕೂಡಿ ೧೯೯೨ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆಯನ್ನು ಪೂರ್ಣಗೊಳಿಸುತ್ತಿದ್ದ ರೋಗಿಗಳು ಅರ್ಧಕ್ಕಿಂತಲೂ ಕಡಮೆ. ಹಣ ಸಾಲದು, ಔಷಧ ಹೊತ್ತಿಗೆ ಬಾರದು, ಕಫಪರೀಕ್ಷೆಯನ್ನು ಬಿಟ್ಟು ಮತ್ತೆ ಕ್ಷ-ಕಿರಣದ ಚಿತ್ರವನ್ನೇ ನೆಚ್ಚಿದ್ದರು. ಮೂವತ್ತು ವರ್ಷಗಳು ಕಳೆದಿದ್ದುವು.

ಯೋಜನೆಯನ್ನು ರಚಿಸಿದವರ ದೋಷ ಇದರಲ್ಲಿ ಎಷ್ಟು? ಸ್ವಲ್ಪ ಇದ್ದೇ ಇದೆಯೆಂದು ನನ್ನ ಅಭಿಪ್ರಾಯ. ತೊಟ್ಟಿಲನ್ನು ತೂಗುಹಾಕುವವನು ತೊಲೆಯನ್ನು ಕುಟ್ಟಿ ನೋಡಬೇಕು. ಅವರ ತೊಟ್ಟಿಲು ಸಾಮಾನ್ಯ ಆರೋಗ್ಯ ವ್ಯವಸ್ಥೆಯೆಂಬ ತೊಲೆಯಿಂದ ತೂಗಬೇಕಾಗಿತ್ತು. ಆ ತೊಲೆಯಾದರೋ ಅಂದಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಅದೊಂದೊಂದರ ಪಾಲಿಗೂ ಒಂದು ಲಕ್ಷದ ವರೆಗೆ ಜನ. ಹೊಸ ಕೇಂದ್ರಗಳನ್ನು ತೆರೆಯುವುದಕ್ಕೆ ಮೊದಲು ಇರುವವನ್ನು ಬಲಪಡಿಸಿರೆಂದು ಮುದಲಿಯಾರ್ ಸಮಿತಿಯು ೧೯೬೧ರಲ್ಲಿಯೇ ಎಚ್ಚರಿಸಿತ್ತು. ಆದರೆ ೧೯೫೮ರಿಂದ ಮಲೇರಿಯಾ ನಿರ್ಮೂಲನದ ದಂಡಯಾತ್ರೆ ನಡೆದಿತ್ತು; ೧೯೬೦ರ ದಶಕದ ಕೊನೆಯಿಂದ ಕುಟುಂಬ ಯೋಜನೆಯ ಗುರಿಗಳು ಆರೋಗ್ಯ ಇಲಾಖೆಯ ಹಗಲಿರುಳನ್ನು ನುಂಗಿದುವು. ಎಷ್ಟು ಶಸ್ತ್ರಚಿಕಿತ್ಸೆಗಳಾದುವು ಎಂದು ಮೇಲಧಿಕಾರಿ ತಿಂಗಳು ತಿಂಗಳೂ ಕೇಳುವಾಗ, ಎಷ್ಟು ಕಫಗಳನ್ನು ನೋಡಿದಿರಿ ಎಂದು ಕೇಳುವವರೇ ಇಲ್ಲದಾಗ, ವೈದ್ಯನ ಗಮನ ಯಾವ ಕಡೆಗೆ ಹರಿದೀತು? ಕೇಳಿದ ಲೆಕ್ಕವೇ ಮಾಡಿದ ಕೆಲಸವಾಗುವುದು ಕಚೇರಿಗಳ ಸ್ವಭಾವ.

ಚಿಕಿತ್ಸೆಯ ಅವಧಿಯೂ ದೀರ್ಘವಾಗಿತ್ತು. ಹನ್ನೆರಡರಿಂದ ಹದಿನೆಂಟು ತಿಂಗಳು ಗುಳಿಗೆ ನುಂಗಬೇಕು. ಎರಡು ಮೂರು ತಿಂಗಳಲ್ಲಿಯೇ ಜ್ವರ ಇಳಿದು, ಕೆಮ್ಮು ನಿಂತು, ಮೈ ಹಗುರಾಗುತ್ತದೆ. ಹಗುರಾದವನು ಹೊಲಕ್ಕೆ ಹೋಗುವುದು ಸಹಜ. ಆಸ್ಪತ್ರೆಗೆ ಬಂದರೂ ‘ಔಷಧ ಮುಗಿದಿದೆ, ಮುಂದಿನ ವಾರ ಬಾ’ ಎಂಬ ಉತ್ತರ ಎರಡು ಸಲ ಸಿಕ್ಕಿದರೆ ಮೂರನೆಯ ಸಲ ಬರುವುದು ಯಾರಿಗೆ ಸಾಧ್ಯ? ಅಂಥವನನ್ನು ಇಲಾಖೆಯ ಭಾಷೆಯಲ್ಲಿ ‘ತಪ್ಪಿಸಿಕೊಂಡವನು’ ಎಂದು ಕರೆಯುತ್ತಿದ್ದರು. ತಪ್ಪಿಸಿಕೊಂಡುದು ಯಾರು ಎಂಬುದನ್ನು ಗುರುತುಹಾಕಲು ಆ ರಿಜಿಸ್ಟರಿನಲ್ಲಿ ಬೇರೆ ಅಂಕಣವಿರಲಿಲ್ಲ.

ಪರಿಷ್ಕೃತ ಕಾರ್ಯಕ್ರಮ ೧೯೯೭ರಲ್ಲಿ ತೊಡಗಿ ೨೦೦೬ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಅದನ್ನು ಅತಿಯಾಗಿ ಹೊಗಳುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ಆದರೆ ಅದರಲ್ಲಿದ್ದ ಒಂದು ಸಣ್ಣ ಏರ್ಪಾಡನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ರೋಗಿಯ ಹೆಸರು ನೋಂದಾಯಿತವಾದ ದಿನವೇ ಅವನ ಪೂರ್ತಿ ಚಿಕಿತ್ಸೆಗೆ ಬೇಕಾದ ಗುಳಿಗೆಗಳೆಲ್ಲವೂ ಇದ್ದ ಪೆಟ್ಟಿಗೆಯೊಂದನ್ನು ಅವನ ಹೆಸರಿಗೆ ಬೇರೆಯಾಗಿ ತೆಗೆದಿಡುತ್ತಿದ್ದರು. ನಡುವೆ ಉಗ್ರಾಣ ಬರಿದಾದರೂ ಅವನ ಚಿಕಿತ್ಸೆ ನಿಲ್ಲುವಂತಿರಲಿಲ್ಲ. ರಟ್ಟಿನ ಪೆಟ್ಟಿಗೆಯೊಂದು ಎಷ್ಟೋ ಸುತ್ತೋಲೆಗಳಿಂದ ಆಗದ ಕೆಲಸವನ್ನು ಮಾಡಿತು. ಈ ವ್ಯವಸ್ಥೆಯನ್ನು ನೆನೆದಾಗ, ೨೦೨೪ರ ಮಾರ್ಚಿನಲ್ಲಿ ಹಲವೆಡೆ ಕ್ಷಯದ ಔಷಧಗಳು ತೀರಿಹೋಗಿ, ರಾಜ್ಯಗಳು ಸ್ಥಳೀಯವಾಗಿ ಕೊಂಡುಕೊಳ್ಳಲೆಂದು ಕೇಂದ್ರ ಸರಕಾರ ಸೂಚಿಸಬೇಕಾಗಿ ಬಂದುದು ಹೆಚ್ಚು ನೋವನ್ನುಂಟುಮಾಡುತ್ತದೆ.

ಈ ನಡುವೆ ‘ಕಾರ್ಯತಂತ್ರ ಯೋಜನೆ’ ಎಂಬ ಹೊಸ ಪದ ಚಾಲ್ತಿಗೆ ಬಂದಿದೆ. ಕ್ಷಯಕ್ಕೂ ೨೦೧೭ರಿಂದ ೨೦೨೫ರ ವರೆಗಿನ ರಾಷ್ಟ್ರೀಯ ಕಾರ್ಯತಂತ್ರ ಯೋಜನೆಯೊಂದು ಸಿದ್ಧವಾಯಿತು. ೨೦೨೫ರ ಹೊತ್ತಿಗೆ ವರ್ಷಕ್ಕೆ ಲಕ್ಷ ಜನರಲ್ಲಿ ಹೊಸ ರೋಗಿಗಳ ಸಂಖ್ಯೆಯನ್ನು ೪೪ಕ್ಕೆ ಇಳಿಸುವುದು ಅದರ ಗುರಿ. ಜಗತ್ತು ೨೦೩೦ಕ್ಕೆ ಸಾಧಿಸಬೇಕೆಂದುಕೊಂಡುದನ್ನು ನಾವು ಐದು ವರ್ಷ ಮೊದಲೇ ಸಾಧಿಸುವೆವೆಂದು ೨೦೧೮ರಲ್ಲಿ ದಿಲ್ಲಿಯಲ್ಲಿ ಘೋಷಿಸಲಾಯಿತು. ೨೦೨೦ರಲ್ಲಿ ಕಾರ್ಯಕ್ರಮದ ಹೆಸರನ್ನೂ ‘ನಿರ್ಮೂಲನ’ ಎಂದು ಬದಲಾಯಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೧೫ರಲ್ಲಿ ಲಕ್ಷಕ್ಕೆ ೨೩೭ ಇದ್ದ ಸಂಖ್ಯೆ ೨೦೨೪ರಲ್ಲಿ ೧೮೭ ಆಗಿತ್ತು. ಒಂಬತ್ತು ವರ್ಷಗಳಲ್ಲಿ ಐದನೆಯ ಒಂದು ಭಾಗ ಇಳಿದುದು ಅಲ್ಪ ಸಾಧನೆಯಲ್ಲ. ನಡುವೆ ಕೋವಿಡ್ ಮಹಾಮಾರಿ ಬಂದುದನ್ನು ನೆನೆದರಂತೂ ಶ್ಲಾಘ್ಯವೇ ಸರಿ. ಆದರೆ ೧೮೭ಕ್ಕೂ ೪೪ಕ್ಕೂ ಇರುವ ಅಂತರವನ್ನು ಶ್ರಮದ ಕೊರತೆಯಿಂದ ವಿವರಿಸಲಾಗದು. ಕ್ಷಯ ನಿಧಾನವಾದ ರೋಗ. ರೋಗಾಣು ಒಳಹೊಕ್ಕವರಲ್ಲಿ ಅದು ವರ್ಷಾನುಗಟ್ಟಲೆ, ಕೆಲವೊಮ್ಮೆ ದಶಕಗಳವರೆಗೆ ಸುಮ್ಮನಿದ್ದು ಆಮೇಲೆ ಎದ್ದೇಳುತ್ತದೆ. ಇಂದು ಹರಡುವುದನ್ನು ಪೂರ್ತಿಯಾಗಿ ತಡೆದರೂ, ಹಿಂದೆ ಹೊಕ್ಕಿದ್ದು ನಾಳೆ ರೋಗವಾಗಿ ಕಾಣಿಸಿಕೊಳ್ಳುತ್ತದೆ. ೧೯೬೨ರ ಆ ಗಣಿತದ ಪ್ರಬಂಧವನ್ನು ಓದಿದವರಿಗೆ ಇದು ತಿಳಿದ ವಿಷಯ. ಇಸವಿಯನ್ನು ಮೊದಲು ಗೊತ್ತುಮಾಡಿ, ದಾರಿಯನ್ನು ಆಮೇಲೆ ಅದಕ್ಕೆ ತಕ್ಕಂತೆ ಬರೆದುಕೊಂಡರೆ, ಇಸವಿ ಬಂದು ಹೋಗುತ್ತದೆ. ಕೆಳಗಿನ ನೌಕರನ ಮೇಲೆ ಅಂಕಿಗಳ ಒತ್ತಡ ಮಾತ್ರ ಉಳಿಯುತ್ತದೆ.

ಹಾಗಾದರೆ ತುಮಕೂರಿನ ಯೋಜನೆಯನ್ನೇ ಮತ್ತೆ ಜಾರಿಗೆ ತರಬೇಕೆ? ಇಲ್ಲಿ ಎಚ್ಚರ ಬೇಕು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಮೋಜಣಿಯಲ್ಲಿ, ಕ್ಷಯವನ್ನು ಶಂಕಿಸಬಹುದಾದ ಲಕ್ಷಣಗಳಿದ್ದವರಲ್ಲಿ ಶೇಕಡ ೬೪ ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ಅವರಲ್ಲಿ ಬಹುಮಂದಿ ಅದನ್ನು ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ. ಪತ್ತೆಯಾದ ರೋಗಿಗಳಲ್ಲಿ ಶೇಕಡ ೪೩ರಷ್ಟು ಮಂದಿ, ಕ್ಷ-ಕಿರಣದ ಚಿತ್ರ ತೆಗೆಯದೆ ಲಕ್ಷಣಗಳನ್ನು ಮಾತ್ರ ಕೇಳಿ ಬಿಟ್ಟಿದ್ದರೆ, ಕೈತಪ್ಪಿಹೋಗುತ್ತಿದ್ದರು. ತುಮಕೂರಿನಲ್ಲಿ ಕೇಳಿದುದು ರೋಗ ಖಚಿತವಾದವರನ್ನು, ಇಲ್ಲಿ ಕೇಳಿದುದು ಕೇವಲ ಲಕ್ಷಣಗಳಿದ್ದವರನ್ನು. ಆದುದರಿಂದ ಎರಡನ್ನೂ ನೇರವಾಗಿ ತಕ್ಕಡಿಯಲ್ಲಿಡುವಂತಿಲ್ಲ. ಆದರೂ ಕಾಲ ಬದಲಾಗಿದೆಯೆಂಬುದು ಸ್ಪಷ್ಟ. ಅಂದು ಬಿಟ್ಟುಬಿಟ್ಟ ಕ್ಷ-ಕಿರಣ ಯಂತ್ರ ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ೨೦೨೪ರ ಡಿಸೆಂಬರಿನಲ್ಲಿ ತೊಡಗಿದ ನೂರು ದಿನಗಳ ಅಭಿಯಾನದಲ್ಲಿ ಅದನ್ನು ಊರೂರಿಗೆ ಒಯ್ದರು. ಅಂದು ತಪ್ಪಾಗಿದ್ದ ಉಪಾಯ ಇಂದು ಸರಿಯಾಗಿರಬಹುದು. ಅಂದಿನವರು ಕೊಟ್ಟ ಉತ್ತರಕ್ಕಿಂತ ಅವರು ಕೇಳಿದ ಪ್ರಶ್ನೆ ಹೆಚ್ಚು ಕಾಲ ಬಾಳುವಂಥದು.

ಉತ್ತರ ಹೇಗೆ ಹಳತಾಗುತ್ತದೆ ಎಂಬುದಕ್ಕೆ ಆಹಾರದ ವಿಷಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಔಷಧ ಸರಿಯಾಗಿದ್ದರೆ ಊಟದ ವ್ಯತ್ಯಾಸದಿಂದ ಗುಣವಾಗುವುದರಲ್ಲಿ ಹೆಚ್ಚು ಭೇದ ಕಾಣದೆಂದು ಮದರಾಸಿನ ಪರೀಕ್ಷೆ ತೋರಿಸಿತಷ್ಟೆ. ಅದನ್ನು ಓದಿದ ಯೋಜಕರು ಆಹಾರವನ್ನೇ ಮರೆತುಬಿಟ್ಟರು. ಹಲವು ದಶಕಗಳ ಕಾಲ ಕ್ಷಯದ ಕಾರ್ಯಕ್ರಮವೆಂದರೆ ಗುಳಿಗೆಯ ಕಾರ್ಯಕ್ರಮವೇ ಆಯಿತು. ಆದರೆ ಮದರಾಸಿನಲ್ಲಿ ಕೇಳಿದ್ದು ರೋಗಿ ಗುಣವಾಗುವನೇ ಎಂಬ ಪ್ರಶ್ನೆ. ಅವನ ಮನೆಯವರಿಗೆ ಹೊಟ್ಟೆ ತುಂಬ ಅನ್ನ ಕೊಟ್ಟರೆ ಅವರಿಗೆ ರೋಗ ಬಾರದಿರುವುದೇ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಕೇಳಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ॥ ಅನುರಾಗ್ ಭಾರ್ಗವ, ಡಾ॥ ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ೨,೮೦೦ ರೋಗಿಗಳ ಮನೆಗಳನ್ನು ಎರಡು ಭಾಗ ಮಾಡಿ, ರೋಗಿಗಳೆಲ್ಲರಿಗೂ ಆಹಾರ ಕೊಟ್ಟರು. ಮನೆಮಂದಿಗೆ ಮಾತ್ರ ಒಂದು ಭಾಗದಲ್ಲಿ ತಲೆಗೆ ತಿಂಗಳಿಗೆ ೫ ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಯನ್ನು ಹೆಚ್ಚಾಗಿ ಕೊಟ್ಟರು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಕ್ಕಿ ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದುದು ಶೇಕಡ ೩೯ರಷ್ಟು ಕಡಮೆ. ಹರಡುವ ಬಗೆಯ ಶ್ವಾಸಕೋಶದ ಕ್ಷಯವಂತೂ ಶೇಕಡ ೪೮ರಷ್ಟು ಕಡಮೆ. ಮೂವತ್ತು ಮನೆಗಳಿಗೆ ಹೀಗೆ ಧಾನ್ಯ ಕೊಟ್ಟರೆ ಒಬ್ಬನಿಗೆ ರೋಗ ಬರುವುದು ತಪ್ಪುತ್ತದೆ. ನಮ್ಮ ಅಜ್ಜಿಯರು ಇದನ್ನು ಎಂದೋ ಹೇಳಿದ್ದರೆಂದು ಯಾರಾದರೂ ಅಂದಾರು. ಅಜ್ಜಿಯರು ಹೇಳಿದ್ದು ನಿಜ. ಎಷ್ಟು ಕಿಲೋ, ಯಾರಿಗೆ, ಎಷ್ಟು ತಿಂಗಳು ಎಂದು ಅವರು ಹೇಳಿರಲಿಲ್ಲ. ಯೋಜನೆಗೆ ಬೇಕಾದುದು ಆ ಲೆಕ್ಕ.

ಸರಕಾರವು ೨೦೧೮ರಿಂದ ರೋಗಿಗೆ ತಿಂಗಳಿಗೆ ೫೦೦ ರೂಪಾಯಿಯನ್ನು ಆಹಾರಕ್ಕೆಂದು ಕೊಡತೊಡಗಿತು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿತು. ಇದು ಸ್ವಾಗತಾರ್ಹ. ಆದರೆ ಹಣ ಬ್ಯಾಂಕಿನ ಖಾತೆಗೆ ಯಾವಾಗ ಸೇರುತ್ತದೆ? ಚಿಕಿತ್ಸೆಯ ಮೊದಲ ತಿಂಗಳಲ್ಲಿಯೋ, ರೋಗಿ ಗುಣವಾದ ಮೇಲೋ? ಜಾರ್ಖಂಡಿನ ಅದೇ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವು ಬಹಳ ಕಡಮೆಯಾಗಿತ್ತು. ತಡವಾಗಿ ಬಂದ ಹಣ ಆ ಎರಡು ತಿಂಗಳನ್ನು ಹಿಂದಕ್ಕೆ ತಂದುಕೊಡಲಾರದು. ಒಟ್ಟು ಎಷ್ಟು ಕೋಟಿ ಹಂಚಿದೆವು ಎಂಬ ಅಂಕಿಯ ಪಕ್ಕದಲ್ಲಿ, ಎಷ್ಟನೆಯ ದಿನಕ್ಕೆ ತಲಪಿತು ಎಂಬ ಅಂಕಿಯನ್ನೂ ಪ್ರತಿ ಜಿಲ್ಲೆಯೂ ಪ್ರಕಟಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ತಾಲೂಕಿನ ಆಸ್ಪತ್ರೆಯೊಂದು ತನ್ನ ಮುಂದಿನ ವರ್ಷದ ಯೋಜನೆಯನ್ನು ಬರೆಯಲು ಕುಳಿತಿದೆಯೆಂದಿಟ್ಟುಕೊಳ್ಳೋಣ. ಹೊಸ ಕಟ್ಟಡದ ನಕ್ಷೆಯನ್ನು ಬಿಡಿಸುವುದಕ್ಕೆ ಮೊದಲು ಕಳೆದ ಮೂರು ತಿಂಗಳ ಹೊರರೋಗಿಗಳ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಳ್ಳಲಿ. ಎರಡು ವಾರಕ್ಕೂ ಹೆಚ್ಚು ಕಾಲದ ಕೆಮ್ಮೆಂದು ಬಂದವರೆಷ್ಟು? ಅವರಲ್ಲಿ ಎಷ್ಟು ಮಂದಿಯ ಕಫ ಪರೀಕ್ಷೆಗೆ ಹೋಯಿತು? ಹೋದುದರಲ್ಲಿ ಎಷ್ಟರ ಫಲಿತಾಂಶ ರೋಗಿಗೆ ತಿಳಿಯಿತು? ರೋಗವಿದೆಯೆಂದು ತಿಳಿದವರಲ್ಲಿ ಚಿಕಿತ್ಸೆ ಆರಂಭಿಸಿದವರೆಷ್ಟು, ಎಷ್ಟು ದಿನಗಳ ತರುವಾಯ? ಗುಳಿಗೆ ಇಲ್ಲವೆಂದು ಹಿಂದಿರುಗಿಸಿದ ದಿನಗಳೆಷ್ಟು? ರೋಗಿ ಇಲ್ಲಿಗೆ ಬರುವ ಮುನ್ನ ಎಷ್ಟು ಖಾಸಗಿ ವೈದ್ಯರನ್ನು, ಎಷ್ಟು ಔಷಧದಂಗಡಿಗಳನ್ನು ಕಂಡು ಬಂದ, ಅಲ್ಲಿ ಎಷ್ಟು ಹಣ ತೆತ್ತ? ಕೊನೆಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಗದು. ಇಪ್ಪತ್ತು ಮೂವತ್ತು ಮಂದಿಯ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು, ಅವರು ಹೇಳುವುದನ್ನು ಕೇಳಬೇಕು. ಇದಕ್ಕೆ ಬೇಕಾಗುವುದು ಒಂದು ನೋಟುಪುಸ್ತಕ, ಒಬ್ಬ ಆರೋಗ್ಯ ಸಹಾಯಕಿ, ಒಂದು ವಾರ. ಹಾಸಿಗೆ ಎಷ್ಟು ಬೇಕು, ಯಂತ್ರ ಯಾವುದು ಬೇಕು ಎಂಬ ಪ್ರಶ್ನೆಗಳು ಆ ವಾರ ಮುಗಿದ ಮೇಲೆ ಬರಲಿ.